ಪ್ರಿಂಟ್ ಅಂದ್ರೆ ಜೆರಾಕ್ಸ್ ಅಲ್ಲ

1/5
ಕಾಲೇಜ್ ಫೆಸ್ಟಲ್ಲಿ ನನ್ನ ಫ್ರೆಂಡ್ ಒಬ್ಬಳು ಸ್ಟಾಲ್ ಹಾಕಿದ್ಲು. ಲಿನೋ ಶೀಟ್ ಕೆತ್ತಿ, ಇಂಕ್ ಹಚ್ಚಿ, ಕೈಯಲ್ಲೇ ಉಜ್ಜಿ ತೆಗೆದ ಪ್ರಿಂಟ್‌ಗಳು. ಮಳೆಗಾಲದ ಬೆಟ್ಟ, ಕೆರೆ ಏರಿ, ಒಂದು ಆಲದ ಮರ. ಒಂದಕ್ಕೆ 200 ರೂಪಾಯಿ. ಒಬ್ಬ ಸೀನಿಯರ್ ಬಂದು ಎತ್ತಿ ನೋಡಿ, ‘ಇದೇ ಥರ ಇನ್ನೂ ಹತ್ತು ಇದೆಯಲ್ಲ, ಒರಿಜಿನಲ್ ಎಲ್ಲಿ? ಜೆರಾಕ್ಸ್‌ಗೆ ಇನ್ನೂರಾ?’ ಅಂದ. ಅವನ ಟೀ ಶರ್ಟ್ ಮೇಲೆ ಏನಿತ್ತು ಗೊತ್ತಾ? ಹೊಕುಸಾಯ್‌ನ ಆ ಫೇಮಸ್ ನೀಲಿ ಅಲೆ.
ಅವಳು ಸುಮ್ನಿದ್ಲು. ನಾನು ಸುಮ್ನಿರಲ್ಲ.

2/5
ಆ ಅಲೆಯೂ ಪ್ರಿಂಟೇ ಗುರು. ಜಪಾನ್, ಸುಮಾರು 1831. ಫ್ಯೂಜಿ ಪರ್ವತವನ್ನು ಬೇರೆ ಬೇರೆ ಜಾಗದಿಂದ ನೋಡಿ ಮಾಡಿದ ಸರಣಿಯ ಒಂದು ಚಿತ್ರ. ಹೆಸರಿಗೆ 36 ನೋಟ, ಜನ ಮೆಚ್ಚಿದ್ರು ಅಂತ ಇನ್ನೂ 10 ಸೇರಿ 46 ಆಯ್ತು. ಅಲೆಯ ಕೆಳಗೆ ಪುಟ್ಟದಾಗಿ ಕೂತಿರೋದೇ ಫ್ಯೂಜಿ.
ಇದರ ‘ಒರಿಜಿನಲ್’ ಎಲ್ಲಿದೆ? ಎಲ್ಲೂ ಇಲ್ಲ. ಬರೆದ ಚಿತ್ರವನ್ನು ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಅದರ ಮೇಲೇ ಕೆತ್ತುತ್ತಿದ್ರು. ಕೆತ್ತೋವಾಗ್ಲೇ ಆ ಕಾಗದ ಹೋಗ್ತಿತ್ತು. ಉಳಿಯೋದು ಪ್ರಿಂಟ್ ಮಾತ್ರ. ಅಂದ್ರೆ ಹಲಗೆಯಿಂದ ಬಂದ ಪ್ರತಿಯೊಂದೂ ಒರಿಜಿನಲ್ಲೇ.

3/5
ಜೆರಾಕ್ಸ್‌ಗೆ ಬಟನ್ ಒತ್ತಿದ್ರೆ ಆಯ್ತು. ಇಲ್ಲಿ ಗೆರೆಗೆ ಒಂದು ಹಲಗೆ, ಬಣ್ಣಗಳಿಗೆ ಬೇರೆ ಹಲಗೆಗಳು. ಒಂದೇ ಕಾಗದ ಎಲ್ಲದರ ಮೇಲೂ ಸರಿಯಾಗಿ ಕೂರಬೇಕು. ಸ್ವಲ್ಪ ಆಚೀಚೆ ಆದ್ರೂ ಬಣ್ಣ ಗೆರೆ ದಾಟುತ್ತೆ. ಈ ಪ್ರಿಂಟ್‌ಗಳಲ್ಲಿ ಆಕಾಶದ ಬಣ್ಣ ನಿಧಾನಕ್ಕೆ ತಿಳಿಯಾಗುತ್ತಲ್ಲ, ಅದು ಕೆತ್ತಿ ಬರೋದಲ್ಲ. ಮುದ್ರಿಸುವವರು ಪ್ರತಿ ಸಲವೂ ಹಲಗೆ ಮೇಲಿನ ಬಣ್ಣವನ್ನು ಕೈಯಲ್ಲೇ ಹದ ಮಾಡಬೇಕು. ಮಂಜು, ಸಂಜೆ, ಮೋಡ ಎಲ್ಲಾ ಆ ಕೈಯದ್ದೇ. ಅದಕ್ಕೇ ಎರಡು ಪ್ರಿಂಟ್ ಪೂರ್ತಿ ಒಂದೇ ಥರ ಇರಲ್ಲ.

4/5
ಈಗ ನಮ್ಮ ಕಾಮರ್ಸ್ ಮಾತಿಗೆ ಬರೋಣ. ‘ಕಾಪಿ ಜಾಸ್ತಿ ಇದ್ರೆ ಬೆಲೆ ಇಲ್ಲ’ ಅಂತೀರಲ್ಲ, ಆ ಅಲೆಯನ್ನು ಸಾವಿರಾರು ಪ್ರತಿ ಮುದ್ರಿಸಿ ಸಾಮಾನ್ಯ ಜನಕ್ಕೆ ಅಗ್ಗಕ್ಕೆ ಮಾರಿದ್ರು. ಅದರದ್ದೇ ಒಂದು ಪ್ರತಿ 2023ರಲ್ಲಿ ನ್ಯೂಯಾರ್ಕ್ ಹರಾಜಲ್ಲಿ 27 ಲಕ್ಷ ಡಾಲರ್ ದಾಟಿತು. ಚಿತ್ರ ಬದಲಾಗಿಲ್ಲ, ಉಳಿದಿರೋ ಪ್ರತಿ ಕಮ್ಮಿ ಆಯ್ತು ಅಷ್ಟೇ. ಸಪ್ಲೈ ಡಿಮ್ಯಾಂಡ್ ಲೆಕ್ಕವನ್ನು ಕಲೆಯ ಲೆಕ್ಕ ಅಂದ್ಕೋಬೇಡಿ. ಒಂದೇ ಬೆಟ್ಟ ನೂರು ಮನೆ ಗೋಡೆ ಮೇಲೆ ಇರ್ಲಿ ಅಂತಾನೇ ಪ್ರಿಂಟ್ ಹುಟ್ಟಿದ್ದು. ಅದು ಅದರ ಕೊರತೆ ಅಲ್ಲ, ದೊಡ್ಡತನ.

5/5
ಅಲೆಯ ಮೇಲೆ ಹೊಕುಸಾಯ್ ಸಹಿ ಇದೆ. ಕೆತ್ತಿದವರ, ಮುದ್ರಿಸಿದವರ ಹೆಸರಿಲ್ಲ. ನನ್ನ ಫ್ರೆಂಡ್ ಮೂರೂ ಕೆಲಸ ಒಬ್ಬಳೇ ಮಾಡಿದ್ಲು, ಬೆರಳಿಗೆ ಬ್ಯಾಂಡೇಜ್ ಸುತ್ಕೊಂಡು. ಮುಂದಿನ ವರ್ಷ ಸ್ಟಾಲ್ ಹಾಕಲ್ಲ ಅಂತಿದ್ದಾಳೆ.
ಕೊಳ್ಳಲೇಬೇಕು ಅಂತ ಹೇಳ್ತಿಲ್ಲ. ದುಡ್ಡಿಲ್ದಿದ್ರೆ ನೋಡಿ ಹೋಗಿ, ಪರವಾಗಿಲ್ಲ. ಆದ್ರೆ ‘ಒರಿಜಿನಲ್ ಎಲ್ಲಿ’ ಅಂತ ಕೇಳೋ ಮುಂಚೆ ಒಂದ್ಸಲ ನಿಮ್ಮ ಟೀ ಶರ್ಟ್ ನೋಡ್ಕೊಳ್ಳಿ.

#ಲಿನೋಕಟ್ #ಮುದ್ರಣಕಲೆ #ಜೆರಾಕ್ಸ್‌ಅಲ್ಲ