ಪ್ಲೇಯರ್ ಕೊಳ್ಳುವ ಮುನ್ನ

ರಜೆಗೆ ಊರಿಗೆ ಹೊರಟಾಗ ದೇರಾದಲ್ಲೋ ಮುಸಫ್ಫಾದಲ್ಲೋ ಒಂದು ಬ್ಲೂ-ರೇ ಪ್ಲೇಯರ್ ಕೊಂಡುಬಿಡೋಣ ಅನ್ನಿಸೋದು ಸಹಜ. ಆಸೆ ತಪ್ಪಲ್ಲ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಹಿಡಿದರೆ ಬ್ಲೂ-ರೇಯಲ್ಲಿ 25 ಜಿಬಿ ಹಿಡಿಯುತ್ತೆ. ಹೆಚ್ಚು ವಿವರ ತುಂಬಲು ಜಾಗ ಇರೋದ್ರಿಂದಲೇ ಚಿತ್ರ ಅಷ್ಟು ಸ್ಪಷ್ಟ.

ಆದರೆ ಬಿಲ್ ಮಾಡಿಸೋ ಮುಂಚೆ ಡಬ್ಬದ ಮೇಲಿನ ರೀಜನ್ ಗುರುತು ನೋಡಿ. ಬ್ಲೂ-ರೇ ಲೆಕ್ಕದಲ್ಲಿ ಯುಎಇ 'ಬಿ', ಭಾರತ 'ಸಿ'. ಡಿವಿಡಿಗೆ ಇಲ್ಲಿ 2, ಅಲ್ಲಿ 5. ರೀಜನ್ ಗುರುತಿಲ್ಲದ ಡಿಸ್ಕ್ ಎಲ್ಲೂ ಓಡುತ್ತೆ. ಗುರುತಿರೋ 'ಸಿ' ಡಿಸ್ಕನ್ನು 'ಬಿ' ಪ್ಲೇಯರ್ ಓಡಿಸೋದಿಲ್ಲ. ಆಮೇಲೆ ಮನೆಯವರು ಫೋನ್ ಮಾಡಿ "ನೀ ತಂದ ಮೆಶೀನು ಕೆಟ್ಟಿದೆ" ಅಂದರೆ ಇಲ್ಲಿಂದ ಏನು ಮಾಡ್ತೀರಿ? ಊರಿನ ಒಂದು ಡಿಸ್ಕ್ ಕೈಯಲ್ಲಿದ್ದರೆ ಅಂಗಡಿಗೆ ಒಯ್ದು, ಎದುರಿಗೇ ಓಡಿಸಿ ನೋಡಿ. ಪ್ಲಗ್ಗೂ ಬೇರೆ: ಇಲ್ಲಿ ಚಪ್ಪಟೆ ಪಿನ್ನು, ಊರಲ್ಲಿ ದುಂಡು ಪಿನ್ನು.

ರೂಮಿನಲ್ಲೇ ಇಂಟರ್ನೆಟ್‌ನಲ್ಲಿ ಸಿನಿಮಾ ನೋಡೋರಿಗೆ ಎಚ್‌ಡಿಗೆ ಸುಮಾರು 5 ಎಂಬಿಪಿಎಸ್, 4ಕೆಗೆ ಸುಮಾರು 15 ಸಾಕು. ಆದರೆ ಅದು ಒಂದು ಪರದೆಗೆ ಮಾತ್ರ. ಆರು ಜನ ಆರು ಫೋನಲ್ಲಿ ಎಚ್‌ಡಿ ನೋಡಿದರೆ 30 ಬೇಕು. ಪ್ಲಾನ್ ಹೆಚ್ಚಿಸೋ ಮೊದಲು ರೌಟರಿನಿಂದ ಟೀವಿಗೆ ಕೇಬಲ್ ಎಳೆದು ನೋಡಿ. ಎಷ್ಟೋ ಸಲ ತಪ್ಪು ವೈಫೈದೇ.

ಇನ್ನೊಂದು ಮಾತು. ಎಟಿಸಲಾಟ್ ಇರಲಿ, ಡು ಇರಲಿ, ಒಪ್ಪಂದ ಎಷ್ಟು ತಿಂಗಳಿಗೆ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಅಂತ ಮೊದಲೇ ಕೇಳಿ. ನಮ್ಮ ಕೆಲಸ, ವೀಸಾ ಎಲ್ಲ ಯಾವಾಗ ಬದಲಾಗುತ್ತೋ ಹೇಳೋಕಾಗಲ್ಲ. ರೂಮ್ ಖಾಲಿ ಮಾಡಿದ ಮೇಲೂ ಬಿಲ್ಲು ನಿಮ್ಮ ಹೆಸರಿಗೇ ಬರುತ್ತೆ.