ಕಾವಲಿರಲಿ, ಕತ್ತಿ ಬೇಡ

2023ರ ಮೇ ತಿಂಗಳಲ್ಲಿ ನೌಕಾಪಡೆ ಮತ್ತು ಎನ್‌ಸಿಬಿ ಸಮುದ್ರದಲ್ಲಿ ವಶಪಡಿಸಿಕೊಂಡು ಕೊಚ್ಚಿಗೆ ತಂದ ಮೆಥಾಂಫೆಟಮಿನ್ ಸುಮಾರು 2,500 ಕಿಲೋ. 2025ರ ಮಾರ್ಚ್‌ನಲ್ಲಿ ಅಲ್ಲಿಯೇ ಸಮೀಪದ ಕಳಮಶ್ಶೇರಿಯ ಸರ್ಕಾರಿ ಪಾಲಿಟೆಕ್ನಿಕ್ ವಿದ್ಯಾರ್ಥಿನಿಲಯದಲ್ಲಿ ಸಿಕ್ಕ ಗಾಂಜಾ ಸುಮಾರು 2 ಕಿಲೋ. ಸರಕು ಬೇರೆಯಾದರೂ ತಲುಪುವ ಕೈ ಎಳೆಯರದೇ. ಕೊಚ್ಚಿ, ತಿರುವನಂತಪುರಗಳಿಗೆ ಮಕ್ಕಳನ್ನು ಓದಲು ಕಳುಹಿಸಿದ ಕುಟುಂಬಗಳಿಗೆ ನಿದ್ದೆ ಬಾರದಿರುವುದು ಸಹಜ. ಬಡಾವಣೆಯ ಯುವಕರೇ ಆಯುಧ ಹಿಡಿದು ಕಾಯಲಿ ಎಂಬ ಮಾತು ಹುಟ್ಟುವುದೂ ಇಂಥ ಭಯದಿಂದಲೇ.

ಆ ದಾರಿಯನ್ನು ಮೆಕ್ಸಿಕೋದ ಮಿಚೋವಾಕನ್ ರಾಜ್ಯ ತುಳಿದು ನೋಡಿದೆ. ಸುಲಿಗೆ ತಾಳಲಾರದ ಗ್ರಾಮಸ್ಥರು 2013ರ ಫೆಬ್ರುವರಿಯಲ್ಲಿ ಬಂದೂಕು ಹಿಡಿದು ‘ನೈಟ್ಸ್ ಟೆಂಪ್ಲರ್’ ಕೂಟವನ್ನು ಎದುರಿಸಿದರು. ಕೂಟ ಕುಗ್ಗಿತು, ಆದರೆ ಕಾವಲು ಪಡೆಗಳೊಳಗೆ ಪಾತಕಿಗಳೇ ನುಸುಳಿದರು. ಮರುವರ್ಷ ಸರ್ಕಾರ ಆ ಪಡೆಗಳನ್ನು ಗ್ರಾಮೀಣ ಪೊಲೀಸ್ ದಳಕ್ಕೆ ಸೇರಿಸಿಕೊಂಡರೂ ರಾಜ್ಯಕ್ಕೆ ಶಾಂತಿ ದೊರೆಯಲಿಲ್ಲ. ಗುಂಪಿನ ನ್ಯಾಯ ಕೇರಳಕ್ಕೂ ಹೊಸದಲ್ಲ. 2018ರಲ್ಲಿ ಅಟ್ಟಪ್ಪಾಡಿಯಲ್ಲಿ ಕಳವಿನ ಶಂಕೆಯಿಂದ ಜನ ಥಳಿಸಿದ ಆದಿವಾಸಿ ಯುವಕ ಪ್ರಾಣ ಬಿಟ್ಟ. 2023ರಲ್ಲಿ 14 ಮಂದಿ ದೋಷಿಗಳಾದರು.

ಗೃಹಸ್ಥನಿಗೆ ವಿರೋಧೀ ಹಿಂಸೆ ಕೆಲವೊಮ್ಮೆ ಅನಿವಾರ್ಯವೆಂದು ಜೈನ ಆಚಾರ್ಯರು ಒಪ್ಪಿದ್ದಾರೆ. ಸಂಕಲ್ಪೀ ಹಿಂಸೆ ಮಾತ್ರ ಸರ್ವಥಾ ತ್ಯಾಜ್ಯ. ಮೇಲೆ ಬಿದ್ದವನನ್ನು ತಡೆಯುವುದು ಮೊದಲನೆಯದು. ಕೋಲು ಹಿಡಿದು ಶಂಕಿತನನ್ನು ಹುಡುಕುತ್ತ ಹೋಗುವುದು ಎರಡನೆಯದು. ಕಾನೂನಿನ ಗೆರೆಯೂ ಇಲ್ಲಿಯೇ ಇದೆ. ಕಣ್ಣೆದುರು ಘೋರ ಅಪರಾಧ ಮಾಡಿದವನನ್ನು ನಾಗರಿಕನು ಹಿಡಿಯಬಹುದು. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮಿನಂತೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ದಂಡಿಸುವ ಅಧಿಕಾರ ಅವನಿಗಿಲ್ಲ.

ಈ ವ್ಯಾಪಾರದ ಜೀವನಾಡಿ ಹಣ. ವರ್ತಕ ಸಮಾಜದ ನಿಜವಾದ ಕಾವಲು ಅಲ್ಲಿ ಬೇಕು. ವಿಚಾರಿಸದೆ ಬಾಡಿಗೆಗೆ ಕೊಟ್ಟ ಮನೆ, ಪರಿಚಿತನಿಗೆ ಬಳಸಲು ಬಿಟ್ಟ ಬ್ಯಾಂಕ್ ಖಾತೆ, ಲೆಕ್ಕಕ್ಕೆ ಬಾರದ ನಗದು ಇವೇ ದಂಧೆಯ ಆಸರೆಗಳು. ಎನ್‌ಡಿಪಿಎಸ್ ಕಾಯಿದೆ, 1985ರಂತೆ ತಿಳಿದೂ ಜಾಗ ಕೊಟ್ಟವನು ಶಿಕ್ಷಾರ್ಹ. ದಂಧೆಯಿಂದ ಗಳಿಸಿದ ಆಸ್ತಿ ಮುಟ್ಟುಗೋಲಿಗೆ ಅರ್ಹ. ಸುಳಿವು ಸಿಕ್ಕವರು ರಾಷ್ಟ್ರೀಯ ಸಹಾಯವಾಣಿ 1933ಕ್ಕೆ ತಿಳಿಸಬಹುದು.

ಇನ್ನೊಂದು ಬಾಗಿಲು ಮನೆಯೊಳಗಿನದು. ಬಸದಿಯಲ್ಲಿ ಸಪ್ತವ್ಯಸನ ತ್ಯಾಗದ ಪ್ರವಚನ ಕೇಳುವ ಸಮಾಜ, ವ್ಯಸನಕ್ಕೆ ಬಿದ್ದ ಮಗನನ್ನು ಸಂಬಂಧ ಕೂಡದೆಂಬ ಭಯದಿಂದ ಬಚ್ಚಿಡುತ್ತದೆ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ಅದೇ ಕಾಯಿದೆಯ 64ಎ ಕಲಮು ರಕ್ಷಣೆ ನೀಡುತ್ತದೆ. ಕೇರಳ ಸರ್ಕಾರದ ‘ವಿಮುಕ್ತಿ’ ಯೋಜನೆಯು ವ್ಯಸನಮುಕ್ತಿ ಕೇಂದ್ರಗಳನ್ನು ನಡೆಸುತ್ತಿದೆ. ಕಾನೂನು ತೋರಿದಷ್ಟು ಕರುಣೆಯನ್ನು ಸಂಘವೂ ತೋರಬೇಡವೇ? ಬಹಿಷ್ಕಾರಕ್ಕೆ ಹೆದರಿ ಮುಚ್ಚಿಟ್ಟ ಪ್ರತಿಯೊಬ್ಬ ಮಗನೂ ದಂಧೆಯವನಿಗೆ ಕಾಯಂ ಗಿರಾಕಿ.