ಅರ್ಧ ನಿಮಿಷ ತುಳಿಯಿರಿ, ನಾಲ್ಕು ನಿಮಿಷ ಸುಧಾರಿಸಿಕೊಳ್ಳಿ

ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಕರೆದರೆ ಸಾಕು, ಬೆಳಗಿನ ಜಾವವೇ ಮೈದಾನಗಳು ತುಂಬುತ್ತವೆ. ದೈಹಿಕ ಪರೀಕ್ಷೆಯಲ್ಲಿ ಪುರುಷರು 1,600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಮಹಿಳೆಯರು 400 ಮೀಟರ್ ದೂರವನ್ನು 2 ನಿಮಿಷದಲ್ಲಿ ಓಡಬೇಕು. ತಿಂಗಳುಗಟ್ಟಲೆ ಓದಿದವರ ಭವಿಷ್ಯ ಇಲ್ಲಿ ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನವಾಗುತ್ತದೆ. ಅದಕ್ಕೇ ಎಲ್ಲರ ಬಾಯಲ್ಲೂ ಒಂದೇ ಮಾತು: ದಿನಾ ಓಡು, ಇನ್ನಷ್ಟು ಓಡು. ಈ ಮಾತು ಅರ್ಧ ಮಾತ್ರ ಸರಿ ಎನ್ನುವುದು ನನ್ನ ಅಭಿಪ್ರಾಯ.

ಹರಳಿನ ವ್ಯಾಪಾರಕ್ಕೆ ಹೆಸರಾದ ನಮ್ಮ ಅಲೀಪುರದಲ್ಲಿ ದಿನವಿಡೀ ಅಂಗಡಿಯಲ್ಲಿ ಕೂರುವ ಹುಡುಗನಿಗಾಗಲಿ, ಗೌರಿಬಿದನೂರಿಗೆ ಬಸ್ ಹಿಡಿದು ಕಾಲೇಜಿಗೆ ಹೋಗುವ ಹುಡುಗಿಗಾಗಲಿ ಗಂಟೆಗಟ್ಟಲೆ ಬಿಡುವು ಎಲ್ಲಿದೆ? ಆದರೆ ಎಷ್ಟೋ ಮನೆಗಳಲ್ಲಿ ಒಂದು ಹಳೇ ಸೈಕಲ್ ಇದೆ. 2006–07ರಲ್ಲಿ ಶುರುವಾದ ಯೋಜನೆಯಡಿ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲೇ ಇರಬಹುದು. ಅದರ ಟ್ಯೂಬಿಗೆ ಗಾಳಿ ತುಂಬಿಸಿದರೆ ಅರ್ಧ ಜಿಮ್ ಸಿಕ್ಕಂತೆ.

ಮೂವತ್ತು ಸೆಕೆಂಡ್ ಇರುವ ಶಕ್ತಿಯನ್ನೆಲ್ಲ ಹಾಕಿ ಪೆಡಲ್ ತುಳಿದರೆ ಮೈಯೊಳಗೆ ಏನಾಗುತ್ತದೆ? ಮೊದಲ ಕೆಲವು ಸೆಕೆಂಡ್ ಸ್ನಾಯುಗಳು ತಮ್ಮಲ್ಲೇ ಕೂಡಿಟ್ಟ ಶಕ್ತಿಯನ್ನು ಖರ್ಚು ಮಾಡುತ್ತವೆ. ಅದು ಮುಗಿಯುತ್ತಾ ಬಂದಂತೆ, ಆಮ್ಲಜನಕಕ್ಕೆ ಕಾಯದೆ ಸಕ್ಕರೆ ಅಂಶವನ್ನು ಒಡೆದು ಶಕ್ತಿ ಪಡೆಯುತ್ತವೆ. ಆಗಲೇ ತೊಡೆ ಉರಿಯುವುದು, ಏದುಸಿರು ಬರುವುದು. ಮುಂದಿನ ಕೆಲವು ನಿಮಿಷ ನಿಧಾನವಾಗಿ ತುಳಿದರೆ ಆ ಮೊದಲ ಗಂಟು ಬಹುಪಾಲು ಮತ್ತೆ ತುಂಬಿಕೊಳ್ಳುತ್ತದೆ. ಹಾಗಾಗಿ ನಡುವಿನ ವಿಶ್ರಾಂತಿ ಸೋಮಾರಿತನವಲ್ಲ. ಅದಿಲ್ಲದಿದ್ದರೆ ಮುಂದಿನ ಸುತ್ತಿನಲ್ಲಿ ಅಷ್ಟೇ ಜೋರಾಗಿ ತುಳಿಯಲು ಆಗುವುದಿಲ್ಲ.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಹೇಳುತ್ತದೆ. ಎಂಟು ಮಂದಿ ಎರಡು ವಾರಗಳಲ್ಲಿ ಆರೇ ದಿನ ಸೈಕಲ್ ತುಳಿದರು. ಪ್ರತಿ ಸಲ 30 ಸೆಕೆಂಡಿನ ನಾಲ್ಕರಿಂದ ಏಳು ಸುತ್ತು, ನಡುವೆ 4 ನಿಮಿಷ ವಿಶ್ರಾಂತಿ. ಮೊದಲು ನಿಗದಿತ ಕಷ್ಟದ ಮಟ್ಟದಲ್ಲಿ ಸುಮಾರು 26 ನಿಮಿಷಕ್ಕೆ ಸುಸ್ತಾಗುತ್ತಿದ್ದವರು ಕೊನೆಗೆ ಸುಮಾರು 51 ನಿಮಿಷ ತುಳಿದರು. ಎಂಟೇ ಜನರ ಪ್ರಯೋಗ, ನಿಜ. ಆದರೆ ಅವರ ಸ್ನಾಯುಗಳಲ್ಲಿ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಸಾಮರ್ಥ್ಯ ಹೆಚ್ಚಿದ್ದು ಪರೀಕ್ಷೆಯಲ್ಲೇ ಕಂಡಿತು. ಇಂಥ ಅಭ್ಯಾಸ ವಾರಗಟ್ಟಲೆ ಮುಂದುವರಿದರೆ ಹೃದಯವೂ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದನ್ನು ಕಲಿಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಮಾರನೇ ದಿನ ಕಾಲು ನೋಯುವುದಕ್ಕೆ ಲ್ಯಾಕ್ಟಿಕ್ ಆಸಿಡ್ ಕಾರಣ ಎನ್ನುತ್ತಾರೆ. ಅದು ಸುಮಾರು ಒಂದು ಗಂಟೆಯೊಳಗೆ ರಕ್ತದಿಂದ ಕರಗಿ ಹೋಗುತ್ತದೆ; ಹೃದಯ, ಸ್ನಾಯುಗಳು ಅದನ್ನೇ ಇಂಧನವಾಗಿ ಬಳಸುತ್ತವೆ. ಮಾರನೇ ದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿನದು. ಅದು ಮಾಯುವಾಗಲೇ ಕಾಲು ಗಟ್ಟಿಯಾಗುವುದು. ನೋವಿನ ಮೇಲೇ ದಿನವೂ ದಂಡಿಸುವುದು ಶಿಸ್ತಲ್ಲ, ನಷ್ಟ.

ವಾರಾಂತ್ಯದಲ್ಲಿ ನಂದಿಬೆಟ್ಟ ಹತ್ತುವ ಬೆಂಗಳೂರಿನ ಸೈಕಲ್ ಸವಾರರನ್ನು ಕಂಡು, ಇದೆಲ್ಲ ದುಬಾರಿ ಸೈಕಲ್ ಇರುವವರ ಹವ್ಯಾಸ ಎಂದುಕೊಳ್ಳಬೇಡಿ. ಗೇರ್ ಇಲ್ಲದ ಸೈಕಲ್, ವಾಹನ ಓಡಾಡದ ಒಂದು ಸಣ್ಣ ಏರು ಸಾಕು. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು ನಾಲ್ಕು ಸುತ್ತು ತುಳಿದರೆ ಅರ್ಧ ಗಂಟೆಯಲ್ಲಿ ಮನೆಗೆ ವಾಪಸ್. ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು ಕೊಟ್ಟು ಮಾಡಿ. ಉಳಿದ ಎರಡು ದಿನ ಓಡಲೇಬೇಕು. ಉಸಿರು ಸೈಕಲ್‌ನಿಂದ ಬಂದರೂ ಓಟದ ಹೆಜ್ಜೆ ಓಟದಿಂದಲೇ ಬರಬೇಕು. ಎದೆನೋವು, ತಲೆಸುತ್ತು, ರಕ್ತದೊತ್ತಡ ಇರುವವರು, ರಕ್ತಹೀನತೆಯ ಅನುಮಾನ ಇರುವವರು ಮೊದಲು ವೈದ್ಯರನ್ನು ಕಾಣಿ.

ಪರೀಕ್ಷೆಗೆ ಹದಿನೈದು ದಿನ ಇರುವಾಗ ಮೈ ಮುರಿದುಕೊಳ್ಳುವ ಬದಲು ಎರಡು ಮೂರು ತಿಂಗಳ ಮೊದಲೇ ಹೀಗೆ ಶುರು ಮಾಡಿ. ವಿಶ್ರಾಂತಿಯ ದಿನ ಯಾರಾದರೂ ‘ಇವತ್ತು ಯಾಕೆ ಬರಲಿಲ್ಲ?’ ಎಂದು ಕೇಳಿದರೆ, ‘ಇವತ್ತು ಕಾಲು ಬಲಿಯುವ ದಿನ’ ಎನ್ನಿ.